ಗೋವಿನಜೋಳದ ಎಥನಾಲ್, ಬದುವಿನ ಹೊಂಗೆ, ಹೊಲದ ಸೌರಫಲಕ: ಆರು ಎಕರೆ ರೈತರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ರಾಣೆಬೆನ್ನೂರು ತಾಲ್ಲೂಕಿನಲ್ಲಿ ನಮ್ಮದು ಆರು ಎಕರೆ ಜಮೀನು. ನಾಲ್ಕು ಎಕರೆ ಎರಿ (ಕಪ್ಪು ಮಣ್ಣು), ಎರಡು ಎಕರೆ ಮಸಾರಿ (ಕೆಂಪು ಮಣ್ಣು). ವರ್ಷಗಳಿಂದ ಗೋವಿನಜೋಳವನ್ನೇ (ಮೆಕ್ಕೆಜೋಳ) ಹಾಕುತ್ತಿದ್ದೇವೆ. ಎಥನಾಲ್ ಬಂದಮೇಲೆ ಗೋವಿನಜೋಳಕ್ಕೆ ಒಳ್ಳೆಯ ಕಾಲ ಬಂತು ಎಂದರು, ಆದರೆ ಸುಗ್ಗಿಯಲ್ಲಿ ದರ ಬಿದ್ದೇ ಹೋಯಿತು. ಇತ್ತ ನನ್ನ ಹಳೆಯ ಬೈಕು ಇ20 ಪೆಟ್ರೋಲಿಗೆ (ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆಸಿದ್ದು) ಮೈಲೇಜು ಕೊಡುತ್ತಿಲ್ಲ. ದರ ಮಾತ್ರ ಅದೇ, ಬೇರೆ ಪೆಟ್ರೋಲೂ ಇಡುವುದಿಲ್ಲ, ಇದು ಸರಿಯಲ್ಲ. ಒಬ್ಬರು ಬದುವಿಗೆ ಹೊಂಗೆ ಹಚ್ಚಿ ಎನ್ನುತ್ತಾರೆ. ಸೋಲಾರ್ ಕಂಪನಿಯ ಏಜೆಂಟರು ಜಮೀನು ಲೀಸಿಗೆ ಕೇಳುತ್ತಿದ್ದಾರೆ. ಮುಂಡರಗಿ ಕಡೆಯ ಬೀಗರು ಗಾಳಿಯಂತ್ರಕ್ಕೆ ಜಾಗ ಕೊಟ್ಟಿದ್ದಾರೆ. ಜೈವಿಕ ಇಂಧನ ನಿಜಕ್ಕೂ ಒಳ್ಳೆಯದೋ ಕೆಟ್ಟದ್ದೋ? ನಮ್ಮಂಥವರು ಏನು ಮಾಡಬೇಕು?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ನಾಲ್ಕು ಎಕರೆ ಎರಿ ಹೊಲವನ್ನು ಯಾವ ಇಂಧನಕ್ಕೂ ಪೂರ್ತಿಯಾಗಿ ಒಪ್ಪಿಸಬೇಡಿ. ಎಥನಾಲ್ ಕಾರ್ಖಾನೆ ನಿಮ್ಮ ಮಾಲಿಗೆ ಒಬ್ಬ ಗಿರಾಕಿ, ಅಷ್ಟೇ. ಅದನ್ನು ನಂಬಿ ಬೆಳೆ ಪದ್ಧತಿಯನ್ನೇ ಕಟ್ಟಬೇಡಿ. ಹೊಂಗೆ ಬದುವಿಗೆ ಬರಲಿ, ಹೊಲದೊಳಗೆ ಬೇಡ. ಮಸಾರಿಯ ಎರಡು ಎಕರೆಯನ್ನು ಸೋಲಾರಿಗೆ ಕೊಡಬಹುದು, ಆದರೆ ಕೆಲವು ಷರತ್ತುಗಳು ಕಾಗದದ ಮೇಲೆ ಬಂದಮೇಲೆ ಮಾತ್ರ. ಬೈಕಿನ ವಿಷಯದಲ್ಲಿ ನಿಮ್ಮ ದೂರು ಸರಿ ಇದೆ, ಗಾಬರಿಗೆ ಮಾತ್ರ ಕಾರಣವಿಲ್ಲ. ಇನ್ನು ಕಾರಣಗಳಿಗೆ ಬರೋಣ.

ಒಂದು ಎಕರೆ ಭೂಮಿಯಿಂದ ಎಷ್ಟು ಶಕ್ತಿ ಬರುತ್ತದೆ ಎಂಬ ಲೆಕ್ಕವನ್ನು ಯಾರೂ ರೈತರ ಮುಂದೆ ಇಡುವುದಿಲ್ಲ, ಅದಕ್ಕೇ ಅಲ್ಲಿಂದ ಶುರುಮಾಡುತ್ತೇನೆ. ಒಳ್ಳೆಯ ಮಳೆಯಾದ ವರ್ಷ ಎಕರೆಗೆ 20 ಕ್ವಿಂಟಲ್ ಗೋವಿನಜೋಳ ಬಂತೆನ್ನಿ. ಒಂದು ಟನ್ ಗೋವಿನಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತದೆ. ಅಂದರೆ ನಿಮ್ಮ ಎಕರೆಗೆ 760 ಲೀಟರ್. ಒಂದು ಲೀಟರ್ ಎಥನಾಲಿನಲ್ಲಿರುವ ಶಾಖವನ್ನು ಕರೆಂಟಿನ ಯೂನಿಟ್ಟಿನಲ್ಲಿ ಹೇಳಿದರೆ ಸುಮಾರು 5.9. ಹೀಗೆ ಎಕರೆಯ ಒಟ್ಟು ಗಳಿಕೆ ಸುಮಾರು 4,500 ಯೂನಿಟ್. ಅದೇ ಎಕರೆಯಲ್ಲಿ ಸೌರಫಲಕ ಹಾಕಿದರೆ? ಒಂದು ಮೆಗಾವಾಟಿಗೆ ಐದು ಎಕರೆ ಬೇಕು ಎಂದು ಧಾರಾಳವಾಗಿ ಹಿಡಿಯೋಣ. ನಮ್ಮ ಬಿಸಿಲಿಗೆ ಒಂದು ಮೆಗಾವಾಟ್ ವರ್ಷಕ್ಕೆ ಸುಮಾರು 15 ಲಕ್ಷ ಯೂನಿಟ್ ಕೊಡುತ್ತದೆ. ಎಕರೆಗೆ ಮೂರು ಲಕ್ಷ ಯೂನಿಟ್ ಬಿತ್ತು. ಅರವತ್ತು ಪಟ್ಟಿಗಿಂತ ಹೆಚ್ಚು.

ಇದನ್ನೇ ರಸ್ತೆಯ ಮೇಲೆ ಇಟ್ಟು ನೋಡಿ. ಲೀಟರ್ ಪೆಟ್ರೋಲಿಗೆ 50 ಕಿಲೋಮೀಟರ್ ಓಡುವ ಬೈಕು ಬರೀ ಎಥನಾಲಿನಲ್ಲಿ ಓಡಿದರೆ 33ರ ಹತ್ತಿರ ನಿಲ್ಲುತ್ತದೆ. ಎಕರೆಯ ಎಥನಾಲ್ ಮುಗಿಯುವಷ್ಟರಲ್ಲಿ ಅದು ಓಡಿದ್ದು 25 ಸಾವಿರ ಕಿಲೋಮೀಟರ್. ಎಲೆಕ್ಟ್ರಿಕ್ ಸ್ಕೂಟರ್ ಒಂದು ಯೂನಿಟ್ಟಿಗೆ ಸುಮಾರು 30 ಕಿಲೋಮೀಟರ್ ಓಡುತ್ತದೆ. ಎಕರೆ ಬಿಸಿಲಿನ ಕರೆಂಟಿಗೆ 90 ಲಕ್ಷ ಕಿಲೋಮೀಟರ್. ತಂತಿಯಲ್ಲಿ, ಚಾರ್ಜಿಂಗಿನಲ್ಲಿ ಸೋರಿಹೋಗುವ ಪಾಲನ್ನು ಕಳೆದರೂ ಅಂತರ ಮುಚ್ಚುವುದಿಲ್ಲ. ಇದರಲ್ಲಿ ಗೋವಿನಜೋಳದ ತಪ್ಪೇನಿಲ್ಲ. ಎಲೆ ಬಿಸಿಲನ್ನು ಹಿಡಿದಿಡುವ ಪ್ರಮಾಣವೇ ನೂರಕ್ಕೆ ಒಂದರ ಆಸುಪಾಸು, ಫಲಕ ಹಿಡಿಯುವುದು ಇಪ್ಪತ್ತು. ಎಲೆಯ ಕೆಲಸ ಅನ್ನ ಕೊಡುವುದು, ಮೇವು ಕೊಡುವುದು. ಎಂಜಿನ್ ಓಡಿಸುವುದಕ್ಕೆ ಅದು ವಿಕಾಸವಾದದ್ದಲ್ಲ.

ಎಥನಾಲಿನ ಪರವಾಗಿಯೂ ನ್ಯಾಯವಾಗಿ ಮಾತಾಡಬೇಕು. ಗೋವಿನಜೋಳ ಭೂಮಿಯಲ್ಲಿ ಇರುವುದು ನಾಲ್ಕು ತಿಂಗಳು. ಆಮೇಲೆ ಎರಿ ಹೊಲದಲ್ಲಿ ಹಸಿ ಇದ್ದರೆ ಹಿಂಗಾರಿಗೆ ಕಡಲೆಯೋ ಬಿಳಿಜೋಳವೋ ಬರುತ್ತದೆ. ಸೊಪ್ಪೆ ದನಕ್ಕಾಗುತ್ತದೆ, ದಿಂಡು ಒಲೆಗಾಗುತ್ತದೆ. ಸೌರಫಲಕ ರಾತ್ರಿ ಕೆಲಸ ಮಾಡುವುದಿಲ್ಲ. ಎಥನಾಲನ್ನು ಟ್ಯಾಂಕಿನಲ್ಲಿ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದು, ಈಗಿರುವ ಬಂಕು, ಈಗಿರುವ ಗಾಡಿಗಳಲ್ಲೇ ಬಳಸಬಹುದು. ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲನ್ನು ಹೊರದೇಶದಿಂದ ತರಿಸುವ ನಾಡಿಗೆ ಇದು ಸಣ್ಣ ಮಾತಲ್ಲ. 2022ರ ಜೂನ್ ಹೊತ್ತಿಗೆ ದೇಶ ನೂರಕ್ಕೆ ಹತ್ತು ಬೆರಕೆ ಮುಟ್ಟಿತು. ಇಪ್ಪತ್ತರ ಗುರಿಯನ್ನು 2030ರಿಂದ ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದೆವು. ಅನಿಲ ಹೊರಸೂಸುವಿಕೆಯಲ್ಲಿ ಪೆಟ್ರೋಲಿಗೆ ಹೋಲಿಸಿದರೆ ಗೋವಿನಜೋಳದ ಎಥನಾಲಿನಿಂದ ನೂರಕ್ಕೆ ಸುಮಾರು 50, ಕಬ್ಬಿನದರಿಂದ 65 ಕಡಿಮೆ ಎನ್ನುವುದು ನೀತಿ ಆಯೋಗದ ಅಂದಾಜು. ಆದರೆ ಇಂಥ ಅಂದಾಜುಗಳು ಯೂರಿಯಾದ ಲೆಕ್ಕದ ಮೇಲೆ ಮೇಲೆ-ಕೆಳಗೆ ಆಗುತ್ತವೆ. ಹೊಲಕ್ಕೆ ಎರಚಿದ ಯೂರಿಯಾದ ಒಂದಿಷ್ಟು ಅಂಶ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದು ಭೂಮಿಯನ್ನು ಬಿಸಿಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ನಮ್ಮ ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳಕ್ಕೆ ಯೂರಿಯಾ ಎಷ್ಟು ಧಾರಾಳವಾಗಿ ಬೀಳುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ನಿಮ್ಮನ್ನು ನಿಜವಾಗಿ ಸುಡುತ್ತಿರುವ ವಿಷಯ, ದರ. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸುತ್ತೇನೆ.

2024ರ ಜನವರಿಯಲ್ಲಿ ಗೋವಿನಜೋಳದ ಎಥನಾಲಿಗೆ ತೈಲ ಕಂಪನಿಗಳು ಕೊಡುವ ದರ ಲೀಟರಿಗೆ 71.86 ರೂಪಾಯಿ ಎಂದು ನಿಗದಿಯಾಯಿತು. ಇದು ಮುಂಚೆಯೇ ಗೊತ್ತಿರುವ, ಸರ್ಕಾರದ ಖಾತರಿ ಇರುವ ದರ. ಗೋವಿನಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400. ಕಾರ್ಖಾನೆ ನಿಮ್ಮಿಂದ ಬೆಂಬಲ ಬೆಲೆಗೇ ಕೊಂಡಿತೆನ್ನಿ: ಒಂದು ಟನ್ನಿಗೆ 24,000, ಅದರಿಂದ 380 ಲೀಟರ್, ಅಂದರೆ ಲೀಟರಿಗೆ ಮಾಲಿನ ಖರ್ಚೇ 63 ರೂಪಾಯಿ. ಉಳಿಯುವುದು ಒಂಬತ್ತು ರೂಪಾಯಿಗೂ ಕಡಿಮೆ. ಅದರಲ್ಲಿ ಕಟ್ಟಿಗೆ-ಕಲ್ಲಿದ್ದಲು, ಕಿಣ್ವ, ಕೂಲಿ, ಸಾಲದ ಬಡ್ಡಿ ಎಲ್ಲ ನಡೆಯಬೇಕು. ಉಳಿದ ಹಿಂಡಿ ಮಾರಿ ಒಂದಿಷ್ಟು ಬರುತ್ತದೆ. ಅದೇ ಮಾಲು 1,700ಕ್ಕೆ ಸಿಕ್ಕರೆ ಲೀಟರಿಗೆ ಮಾಲಿನ ಖರ್ಚು 45ರ ಒಳಗೆ, ಉಳಿಯುವುದು 27. 2025ರ ಸುಗ್ಗಿಯಲ್ಲಿ ಮಾರುಕಟ್ಟೆಯಲ್ಲಿ ದರ 1,600ರಿಂದ 1,800ರ ನಡುವೆ ಇಳಿದು, ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರ ತೆರೆಯಿರಿ ಎಂದು ದಿನಗಟ್ಟಲೆ ಧರಣಿ ಕೂತಾಗ ಆ ಹೋರಾಟದ ಹಿಂದೆ ಇದ್ದದ್ದು ಈ ಲೆಕ್ಕವೇ. ಎಥನಾಲಿಗೆ ಖಾತರಿ ದರವಿದೆ, ಗೋವಿನಜೋಳಕ್ಕೆ ಇಲ್ಲ. ಬೆಂಬಲ ಬೆಲೆ ಘೋಷಣೆಯಾಗುತ್ತದೆ, ಕೊಳ್ಳುವವರು ಬರುವುದಿಲ್ಲ. ಖಾತರಿ ಒಂದು ತುದಿಗೆ ಮಾತ್ರ ಇದ್ದಾಗ ಇನ್ನೊಂದು ತುದಿಯವನೇ ನಷ್ಟ ಹೊರಬೇಕಾಗುತ್ತದೆ.

ಇನ್ನೂ ಒಂದು ಪೈಪೋಟಿ ನಿಮಗೆ ಕಾಣದಂತೆ ನಡೆದಿದೆ. ಆಹಾರ ನಿಗಮದ ಗೋದಾಮಿನ ಅಕ್ಕಿಯನ್ನೂ ಎಥನಾಲಿಗೆ ಕೊಡುತ್ತಾರೆ. 2025ರ ಜನವರಿಯಲ್ಲಿ ಆ ಅಕ್ಕಿಯ ದರವನ್ನು ಕ್ವಿಂಟಲ್‌ಗೆ 2,800ರಿಂದ 2,250ಕ್ಕೆ ಇಳಿಸಿದರು. ಟನ್ ಅಕ್ಕಿಯಿಂದ 450 ಲೀಟರ್ ಬರುತ್ತದೆ. ಅಕ್ಕಿ ಅಗ್ಗವಾದರೆ ಕಾರ್ಖಾನೆ ಅತ್ತ ವಾಲುತ್ತದೆ. ಅದಕ್ಕೂ ಹಿಂದಿನ ವರ್ಷ ಇದೇ ಎಥನಾಲ್ ಬೇಡಿಕೆಯಿಂದ ಗೋವಿನಜೋಳ ತುಟ್ಟಿಯಾಗಿ, ಕೋಳಿ ಸಾಕಣೆಯವರು ಕಂಗಾಲಾಗಿ, ದೇಶ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಗೋವಿನಜೋಳ ತರಿಸಿಕೊಂಡಿತ್ತು. ಒಂದು ವರ್ಷ ಆಮದು, ಮರುವರ್ಷ ಹೊಲದಲ್ಲೇ ರಾಶಿ. ತೈಲ ಆಮದು ತಪ್ಪಿಸಲು ಹೊರಟ ಯೋಜನೆ ಮೇವಿನ ಕಾಳನ್ನು ಆಮದು ಮಾಡಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಹಾಗಾದರೆ ಗೋವಿನಜೋಳ ಬಿಡಬೇಕೇ? ಪೂರ್ತಿ ಬೇಡ. ನಾಲ್ಕು ಎಕರೆಯಲ್ಲಿ ಎರಡಕ್ಕೆ ಇಳಿಸಿ, ತೊಗರಿ ಸಾಲು ಸೇರಿಸಿ, ಉಳಿದದ್ದರಲ್ಲಿ ಬೇರೆ ಬೆಳೆ ತಿರುಗಿಸಿ. 2018ರಲ್ಲಿ ಫಾಲ್ ಸೈನಿಕ ಹುಳು ನಮ್ಮ ರಾಜ್ಯದಲ್ಲೇ ಮೊದಲು ಪತ್ತೆಯಾಗಿ ದೇಶಕ್ಕೆಲ್ಲ ಹಬ್ಬಿತು. ವರ್ಷ ವರ್ಷ ಒಂದೇ ಬೆಳೆ ಹಾಕಿದ ಹೊಲ ಅದಕ್ಕೆ ಸದಾ ತೆರೆದ ಬಾಗಿಲು. ಮತ್ತು ಒಣಗಿಸುವುದನ್ನು ದಯವಿಟ್ಟು ಹಗುರಾಗಿ ನೋಡಬೇಡಿ. ತೇವಾಂಶ 14ಕ್ಕೆ ಇಳಿಯುವ ಮೊದಲೇ ಚೀಲ ತುಂಬಿದರೆ ಕಾಳಿಗೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಕೂಡುತ್ತದೆ. ಎಥನಾಲ್ ತೆಗೆದಮೇಲೆ ಉಳಿಯುವ ಹಿಂಡಿ ಮೂಲ ಕಾಳಿನ ಮೂರನೇ ಒಂದು ಭಾಗ. ಪಿಷ್ಟ ಹೋಗಿ ಉಳಿದದ್ದೆಲ್ಲ ಅದರಲ್ಲಿ ಮೂರು ಪಟ್ಟು ಸಾಂದ್ರವಾಗುತ್ತದೆ. ಪ್ರೋಟೀನೂ ಮೂರು ಪಟ್ಟು, ವಿಷವೂ ಮೂರು ಪಟ್ಟು. ಆ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಅದು ಮಗುವಿನ ಲೋಟದವರೆಗೂ ಬರುತ್ತದೆ. ಊರ ಸೊಸೈಟಿಗೆ ಒಂದು ತೇವಾಂಶ ಮಾಪಕ, ಒಂದು ಒಣಗಿಸುವ ಕಟ್ಟೆ ಬಂದರೆ ದರದಲ್ಲೂ ಚೌಕಾಸಿ ಮಾಡುವ ಶಕ್ತಿ ಬರುತ್ತದೆ. ಸೊಸೈಟಿ ಎಂದಾಗ ಗದಗ ಹತ್ತಿರದ ಕಣಗಿನಹಾಳ ನೆನಪಾಗುತ್ತದೆ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಹುಟ್ಟಿದ ಸಹಕಾರ ಸಂಘ ಸಾಹುಕಾರನ ಬಡ್ಡಿಗೆ ಉತ್ತರವಾಗಿತ್ತು. ಇವತ್ತಿನ ಇಂಧನ ವ್ಯವಹಾರದಲ್ಲೂ ರೈತ ಒಬ್ಬನೇ ನಿಂತರೆ ಸೋಲುತ್ತಾನೆ, ಸಂಘವಾಗಿ ನಿಂತರೆ ಮಾತಾಡಿಸುತ್ತಾರೆ ಎಂದು ನಾನು ಬಲವಾಗಿ ನಂಬುತ್ತೇನೆ.

ಕಬ್ಬಿನ ಬಗ್ಗೆ ನೀವು ಕೇಳಿಲ್ಲ, ಆದರೂ ವರದಾ, ತುಂಗಭದ್ರಾ ದಂಡೆಯ ಓದುಗರಿಗಾಗಿ ಒಂದು ಮಾತು. ಕಬ್ಬಿನಿಂದ ಒಂದು ಲೀಟರ್ ಎಥನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಎಂದು ಸರ್ಕಾರದ್ದೇ 2021ರ ವರದಿ ಹೇಳಿದೆ. ಸಕ್ಕರೆ ತೆಗೆದಮೇಲೆ ಉಳಿದ ಕಾಕಂಬಿಯಿಂದ ಎಥನಾಲ್ ಮಾಡಿದರೆ ನನ್ನ ತಕರಾರಿಲ್ಲ. ಎಥನಾಲಿಗಾಗಿಯೇ ಹೊಸ ಕಬ್ಬು ಹಚ್ಚುವುದಕ್ಕೆ ತಕರಾರಿದೆ. ಕಾಕಂಬಿಯ ಪ್ರತಿ ಲೀಟರ್ ಎಥನಾಲಿನ ಹಿಂದೆ 8ರಿಂದ 15 ಲೀಟರ್ ಕಪ್ಪು ತ್ಯಾಜ್ಯನೀರು ಹೊರಬರುತ್ತದೆ. ಅದನ್ನು ಒಂದು ಹನಿಯೂ ಹೊರಗೆ ಬಿಡಬಾರದು ಎಂಬ ನಿಯಮವಿದೆ. ಕಾರ್ಖಾನೆಯ ಪಕ್ಕದ ಹಳ್ಳದ ನೀರನ್ನು ಗ್ರಾಮ ಪಂಚಾಯಿತಿಯವರು ಆಗಾಗ ಪರೀಕ್ಷೆಗೆ ಕಳಿಸುವುದು ಒಳ್ಳೆಯದು.

ಬೈಕಿಗೆ ಬರೋಣ. ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಾಖ ಕಡಿಮೆ. ಐದರಲ್ಲಿ ಒಂದು ಪಾಲು ಅದನ್ನು ಬೆರೆಸಿದರೆ ಲೀಟರಿಗೆ ಆರೇಳು ಪ್ರತಿಶತ ಶಾಖ ಕಡಿಮೆಯಾಗುತ್ತದೆ. ಇದು ಸರಳ ಗಣಿತ. ಎಂಜಿನ್ನನ್ನು ಇ20ಗೆ ಹೊಂದಿಸಿ ಮಾಡಿದ್ದರೆ ಅದರ ಹೆಚ್ಚಿನ ಆಕ್ಟೇನ್ ಗುಣದಿಂದ ಒಂದಿಷ್ಟು ವಾಪಸ್ ಸಿಗುತ್ತದೆ. ನೀತಿ ಆಯೋಗದ ಅಂದಾಜಿನಂತೆ ಹಳೆಯ ದ್ವಿಚಕ್ರ ವಾಹನಗಳಿಗೆ ಮೈಲೇಜು ನಷ್ಟ ನೂರಕ್ಕೆ ಮೂರು-ನಾಲ್ಕು. 2023ರ ಏಪ್ರಿಲ್ ನಂತರ ಬಂದ ಗಾಡಿಗಳ ರಬ್ಬರು, ಪ್ಲಾಸ್ಟಿಕ್ ಭಾಗಗಳು ಇ20 ತಡೆಯುವಂಥವು. ನಿಮ್ಮದು ಅದಕ್ಕಿಂತ ಹಳೆಯದು ಎಂದು ಬರೆದಿದ್ದೀರಿ. ಕಾರ್ಬ್ಯುರೇಟರ್ ಇದ್ದರೆ ಅದು ತಾನಾಗಿ ಗಾಳಿ-ಇಂಧನದ ಅಳತೆ ಬದಲಿಸಿಕೊಳ್ಳಲಾರದು. ಪಳಗಿದ ಮೆಕ್ಯಾನಿಕ್ ಕೈಯಲ್ಲಿ ಟ್ಯೂನ್ ಮಾಡಿಸಿ. ಇಂಧನದ ಪೈಪು, ಸೀಲು ಗಟ್ಟಿಯಾಗಿದ್ದರೆ ಅಥವಾ ಊದಿದ್ದರೆ ಬದಲಿಸಿ, ಅದು ದೊಡ್ಡ ಖರ್ಚಲ್ಲ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮುಂಗಾರಿನಲ್ಲಿ ಅರ್ಧ ಟ್ಯಾಂಕಿನ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸಿದರೆ ನೀರು-ಎಥನಾಲ್ ತಳಕ್ಕೆ ಇಳಿದು ಬೇರ್ಪಡುವ ಸಾಧ್ಯತೆ ಇದೆ. ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಇಲ್ಲವೇ ಖಾಲಿ ಮಾಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಗಣನೀಯವಾಗಿ ಕಡಿಮೆಯಾಗುತ್ತದೆ ಎನ್ನುವುದೂ ನಿಜ, ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ದಿನವಿಡೀ ನಿಲ್ಲುವ ಪೊಲೀಸರಿಗೆ ಅದು ಉಪಕಾರವೇ. ಆದರೆ ಶಾಖ ಕಡಿಮೆ ಇರುವ ಇಂಧನವನ್ನು ಗಿರಾಕಿಗೆ ಅದೇ ದರಕ್ಕೆ ಮಾರುವುದು, ಬೇರೆ ಆಯ್ಕೆ ಇಡದಿರುವುದು ಸರಿಯಲ್ಲ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ.

ಹೊಂಗೆ, ನಮ್ಮ ಕಡೆಯ ಹುಲಗಲಿ, ನನಗೆ ಬಹಳ ಪ್ರೀತಿಯ ಮರ. ಅದಕ್ಕೇ ಅದರ ಹೆಸರಿನಲ್ಲಿ ಹೇಳುವ ದೊಡ್ಡ ಮಾತುಗಳ ಬಗ್ಗೆ ಎಚ್ಚರ ಹೇಳುತ್ತೇನೆ. ನಮ್ಮ ರಾಜ್ಯ 2009ರಲ್ಲೇ ಜೈವಿಕ ಇಂಧನ ನೀತಿ ತಂದಿತ್ತು. ಬದುವಿಗೆ ಹೊಂಗೆ, ಬೇವು, ಹಿಪ್ಪೆ, ಸಿಮರೂಬಾ ಹಚ್ಚುವುದು ಅದರ ಜೀವಾಳ. ಅದಕ್ಕೂ ಮೊದಲು ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ಓಡಿಸಿ, ಕೊಳವೆಬಾವಿಯಿಂದ ನೀರೆತ್ತಿ ಬೆಳೆ ತೆಗೆಸಿ ತೋರಿಸಿದ್ದರು. ಆಗುವುದಿಲ್ಲ ಎಂದಲ್ಲ, ಆಗುತ್ತದೆ. ಪ್ರಶ್ನೆ ಪ್ರಮಾಣದ್ದು. ಒಂದು ಲೀಟರ್ ಎಣ್ಣೆಗೆ ಗಾಣದಲ್ಲಿ ಮೂರೂವರೆ ನಾಲ್ಕು ಕಿಲೋ ಬೀಜ ಬೇಕು. ಗಿಡ ಕಾಯಿಗೆ ಬರಲು ಐದಾರು ವರ್ಷ. ಕಾಯಿ ಆರಿಸಬೇಕು, ಬಡಿಯಬೇಕು, ಬೀಜ ಬಿಡಿಸಬೇಕು. ಬೀಜದ ದರ ಕೂಲಿಗೂ ಸಾಲದಿದ್ದರೆ ಕಾಯಿ ಮರದ ಕೆಳಗೇ ಕೊಳೆಯುತ್ತದೆ, ಬಹಳ ಊರುಗಳಲ್ಲಿ ಆಗಿದ್ದು ಅದೇ.

ಜತ್ರೋಪಾ ಎಂಬ ಎಣ್ಣೆಬೀಜದ ಗಿಡದ ಕಥೆ ಇದಕ್ಕಿಂತ ಕಹಿ. 2003ರಲ್ಲಿ ಯೋಜನಾ ಆಯೋಗದ ಸಮಿತಿ ಅದನ್ನು ಎತ್ತಿಹಿಡಿಯಿತು. 2009ರ ರಾಷ್ಟ್ರೀಯ ನೀತಿ 2017ರೊಳಗೆ ನೂರಕ್ಕೆ 20 ಬೆರಕೆಯ ಗುರಿ ಇಟ್ಟಿತು. ಬರಡು ನೆಲದಲ್ಲಿ, ನೀರಿಲ್ಲದೆ, ಗೊಬ್ಬರವಿಲ್ಲದೆ ಎಣ್ಣೆ ಸುರಿಯುತ್ತದೆ ಎಂದು ನಂಬಿಸಿದರು. ಬರಡು ನೆಲದಲ್ಲಿ ಗಿಡ ಬದುಕಿತು, ಕಾಯಿ ಕಟ್ಟಲಿಲ್ಲ. ಡೀಸೆಲಿನಲ್ಲಿ ಜೈವಿಕ ಪಾಲು ಇಂದಿಗೂ ನೂರಕ್ಕೆ ಒಂದನ್ನು ಮುಟ್ಟಿಲ್ಲ. 2030ಕ್ಕೆ ಐದರ ಗುರಿ ಇದೆ.

ಆದ್ದರಿಂದ ಹೊಂಗೆಯನ್ನು ಎಣ್ಣೆಯ ಆಸೆಗೆ ಹಚ್ಚಬೇಡಿ. ಬದು ಗಟ್ಟಿಯಾಗುತ್ತದೆ, ಬೇರು ಸಾರಜನಕ ಹಿಡಿಯುತ್ತದೆ, ಸೊಪ್ಪು ಹಸಿರು ಗೊಬ್ಬರ, ಹೂವಿಗೆ ಜೇನು, ಬೇಸಿಗೆಯಲ್ಲಿ ನೆರಳು, ಹಿಂಡಿ ಹೊಲಕ್ಕೆ. ಇಷ್ಟಕ್ಕಾಗಿ ಹಚ್ಚಿ. ಕಾಯಿ ಬಿಡುವುದು ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ, ಕೂಲಿಯವರಿಗೆ ಒಂದಿಷ್ಟು ದುಡಿಮೆ. ಎಣ್ಣೆ ಬಂದರೆ ಮೇಲಿನ ಲಾಭ. ಒಂದು ಎಚ್ಚರಿಕೆ: ಹಸಿ ಎಣ್ಣೆಯನ್ನು ಟ್ರ್ಯಾಕ್ಟರಿಗೆ ಸುರಿಯಬೇಡಿ. ಅದು ಡೀಸೆಲಿಗಿಂತ ಬಹಳ ಮಂದ, ಇಂಜೆಕ್ಟರ್ ಕಟ್ಟುತ್ತದೆ, ಎಂಜಿನ್ ಆಯಿಲ್ ಕೆಡುತ್ತದೆ. ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿದಮೇಲೆ ಮಾತ್ರ ಅದು ಬಯೋಡೀಸೆಲ್. ಮೆಥನಾಲ್ ವಿಷ, ಮನೆಯಲ್ಲಿ ಮಾಡುವ ಕೆಲಸವಲ್ಲ.

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಬಯೋಡೀಸೆಲಿನ ನಿಜವಾದ ಕಚ್ಚಾವಸ್ತು ಇರುವುದು ಬೇರೆ ಕಡೆ, ಹುಬ್ಬಳ್ಳಿಯ ದುರ್ಗದ ಬೈಲಿನ ಮಿರ್ಚಿ ಬಾಣಲೆಗಳಲ್ಲಿ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು (ಎಣ್ಣೆ ಕೆಟ್ಟಂತೆ ಹೆಚ್ಚುವ ಅಂಶಗಳು) ನೂರಕ್ಕೆ 25 ಮೀರಿದರೆ ಅಡುಗೆಗೆ ಬಳಸಬಾರದು ಎಂದು 2018ರಿಂದ ನಿಯಮವಿದೆ. ಹೋಟೆಲು, ಖಾನಾವಳಿ, ಕಲ್ಯಾಣ ಮಂಟಪಗಳಿಂದ ಆ ಎಣ್ಣೆಯನ್ನು ಕೂಡಿಸಿ ಬಯೋಡೀಸೆಲ್ ಮಾಡಿದರೆ ಒಂದು ಗುಂಟೆ ಭೂಮಿಯೂ ಬೇಡ, ಜನರ ಹೊಟ್ಟೆಯೂ ಉಳಿಯುತ್ತದೆ. ಜೈವಿಕ ಇಂಧನದ ಬಗ್ಗೆ ನನ್ನ ಒಟ್ಟು ನಿಲುವು ಇದರಲ್ಲೇ ಇದೆ. ಕಸದಿಂದ, ಉಳಿಕೆಯಿಂದ, ಸಗಣಿಯಿಂದ ಬಂದದ್ದು ಒಳ್ಳೆಯ ಇಂಧನ. ಉಳುವ ಭೂಮಿಯನ್ನು ಕಿತ್ತುಕೊಂಡು ಬಂದದ್ದು ದುಬಾರಿ ಇಂಧನ, ದರಪಟ್ಟಿಯಲ್ಲಿ ಅದು ಎಷ್ಟೇ ಅಗ್ಗವಾಗಿ ಕಂಡರೂ.

ಅದೇ ಕಾರಣಕ್ಕೆ ಗೋಬರ್ ಗ್ಯಾಸನ್ನು ನೀವು ಮರೆತದ್ದು ನನಗೆ ಬೇಸರ. ನಾಲ್ಕೈದು ದನಗಳ 50 ಕಿಲೋ ಸಗಣಿಯಿಂದ ದಿನಕ್ಕೆ ಎರಡು ಘನಮೀಟರ್ ಅನಿಲ ಬರುತ್ತದೆ. ತಿಂಗಳಿಗೆ ಒಂದೂವರೆ ಸಿಲಿಂಡರ್‌ನಷ್ಟು ಉರಿ, ಮೇಲೆ ಕಳೆಯಿಲ್ಲದ ಗೊಬ್ಬರದ ಬಗ್ಗಡ. ಚಳಿಗಾಲದಲ್ಲಿ ಇಳುವರಿ ಕುಗ್ಗುತ್ತದೆ, ದಿನವೂ ಕದಡಿ ಹಾಕುವ ಕೈ ಬೇಕು, ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಗೆ ಸಗಣಿಯೇ ಇಲ್ಲ. ದನ ಇದ್ದರೆ ಮಾತ್ರ ಮಾಡಿ, ಇದ್ದರೆ ಖಂಡಿತ ಮಾಡಿ. ಹತ್ತಿಕಟ್ಟಿಗೆ, ಗೋವಿನಜೋಳದ ದಿಂಡು ಒತ್ತಿ ಬ್ರಿಕೆಟ್ (ಉರುವಲಿನ ಗಟ್ಟಿ) ಮಾಡುವ ವ್ಯವಹಾರವೂ ಚೆನ್ನಾಗಿದೆ, ಆದರೆ ಸೊಪ್ಪೆಯನ್ನೂ ಬೇರನ್ನೂ ಪೂರ್ತಿ ಕಿತ್ತು ಮಾರಿದರೆ ಎರಿ ಭೂಮಿಯ ಸಾವಯವ ಅಂಶ ಇಳಿಯುತ್ತದೆ. ಅರ್ಧವನ್ನಾದರೂ ನೆಲಕ್ಕೆ ಬಿಡಿ.

ನಿಮ್ಮ ಬೀಗರ ಗಾಳಿಯಂತ್ರದ ವಿಷಯ. ಗದಗ ಸೀಮೆಯ ಗಾಳಿ ನಮ್ಮ ನಾಡಿನ ದೊಡ್ಡ ಆಸ್ತಿ. ಮುಂಗಾರಿನಲ್ಲಿ ಮೋಡ ಕವಿದು ಸೋಲಾರ್ ಕುಗ್ಗಿದಾಗಲೇ ಗಾಳಿ ಜೋರು, ಸಂಜೆ ಸೂರ್ಯ ಮುಳುಗಿದಮೇಲೂ ಬೀಸುತ್ತದೆ. ಎರಡನ್ನೂ ಒಂದೇ ಸಬ್‌ಸ್ಟೇಷನ್ನಿಗೆ ಜೋಡಿಸಿದರೆ ತಂತಿ ವರ್ಷಪೂರ್ತಿ ದುಡಿಯುತ್ತದೆ. ಕಂಬದ ಬುಡದವರೆಗೂ ಜೋಳ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯಬಹುದು. ಭೂಮಿ ತಿನ್ನುವುದು ಕಂಬಕ್ಕಿಂತ ಹೆಚ್ಚಾಗಿ ಅದಕ್ಕೆ ಹೋಗುವ ರಸ್ತೆ. ಆದರೆ ಜಾಗದ ಆಯ್ಕೆಯಲ್ಲಿ ವಿವೇಕ ಬೇಕು. ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿಸುವ ಮೊದಲೇ ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತಿದ್ದವು. ಅಷ್ಟೊಂದು ಔಷಧ ಸಸ್ಯಗಳಿರುವ, ತೋಳ-ಕತ್ತೆಕಿರುಬಗಳಿರುವ ಗುಡ್ಡದಲ್ಲಿ ಭಾರದ ಲಾರಿಗಳಿಗೆ ದಾರಿ ಕಡಿದರೆ ಮಳೆಗೆ ಮಣ್ಣು ಕೊಚ್ಚುತ್ತದೆ. ಹೊಸ ಗುಡ್ಡ ಹತ್ತುವ ಬದಲು, ಬಯಲಿನಲ್ಲಿರುವ ಹಳೆಯ ಸಣ್ಣ ಯಂತ್ರಗಳ ಜಾಗದಲ್ಲೇ ಎರಡು-ಮೂರು ಮೆಗಾವಾಟಿನ ಎತ್ತರದ ಯಂತ್ರ ನಿಲ್ಲಿಸುವುದು ಸರಿಯಾದ ದಾರಿ. ಶಿರಹಟ್ಟಿ ಕಡೆಯ ಮಾಗಡಿ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮೇವಿಗೆ ಸುತ್ತಲಿನ ಹೊಲಗಳಿಗೇ ಇಳಿಯುತ್ತವೆ. ಅಲ್ಲಿ ಯಂತ್ರವೂ ಬೇಡ, ತಗ್ಗಿನಲ್ಲಿ ಹಾಯುವ ಹೈಟೆನ್ಷನ್ ತಂತಿಯೂ ಬೇಡ.

ಕೊನೆಗೆ ಸೋಲಾರ್. ಮನೆಯ ಮಾಳಿಗೆ ಮೇಲೆ ಹಾಕಲೇ ಎಂದರೆ, ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ ಈಗಲೇ ಅವಸರವಿಲ್ಲ. 200 ಯೂನಿಟ್ ದಾಟುವ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಪಿಎಂ ಸೂರ್ಯಘರ್ ಯೋಜನೆಯ ಮೂರು ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಚೆನ್ನಾಗಿ ಹೊಂದುತ್ತದೆ. ಪಂಪ್‌ಸೆಟ್ಟಿಗೆ ಸೋಲಾರ್ ಬಂದರೆ ಹಗಲು ನೀರು ಹಾಯಿಸಬಹುದು, ರಾತ್ರಿ ಹಾವು-ಚೇಳಿನ ಭಯದಲ್ಲಿ ಹೊಲಕ್ಕೆ ಓಡುವುದು ತಪ್ಪುತ್ತದೆ. ಇದು ರೈತನ ಬದುಕಿಗೆ ದೊಡ್ಡ ನೆಮ್ಮದಿ. ಆದರೆ ಪುಕ್ಕಟೆ ಬಿಸಿಲಿಗೆ ಪಂಪು ದಿನವಿಡೀ ಓಡಿದರೆ ಬೋರ್‌ವೆಲ್ ಬತ್ತುತ್ತದೆ. ಹನಿ ನೀರಾವರಿ ಇಲ್ಲದೆ ಸೋಲಾರ್ ಪಂಪು ಹಾಕಬೇಡಿ.

ಲೀಸಿಗೆ ಕೊಡುವುದಾದರೆ ಮಸಾರಿ ಭೂಮಿಯನ್ನೇ ಕೊಡಿ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಡಿಪಾಯ ಆಳವಾಗಿ ಹೋಗಬೇಕು, ಕಂಪನಿಗೂ ಅದು ಖರ್ಚು. ಎರಡೇ ಎಕರೆ ಒಂಟಿಯಾಗಿ ಯಾರಿಗೂ ಬೇಡ. ಅಕ್ಕಪಕ್ಕದವರ ಮಸಾರಿ ಸೇರಿ ಹತ್ತು ಎಕರೆಯಾದರೆ, ಹೆಸ್ಕಾಂ ಸಬ್‌ಸ್ಟೇಷನ್ ಐದು ಕಿಲೋಮೀಟರ್ ಒಳಗಿದ್ದರೆ ಮಾತಿಗೆ ತೂಕ ಬರುತ್ತದೆ. ಕುಸುಮ್ ಯೋಜನೆಯಲ್ಲಿ ಅರ್ಧದಿಂದ ಎರಡು ಮೆಗಾವಾಟ್‌ವರೆಗಿನ ಘಟಕವನ್ನು ರೈತರ ಗುಂಪು, ಸಹಕಾರ ಸಂಘ, ರೈತ ಉತ್ಪಾದಕ ಸಂಸ್ಥೆ ತಾವೇ ಹಾಕಲು ಅವಕಾಶವಿದೆ. ಬಾಡಿಗೆ ಪಡೆಯುವುದಕ್ಕಿಂತ ಮಾಲೀಕರಾಗುವುದು ಮೇಲು. ಸಾಲ ಎತ್ತುವ ಧೈರ್ಯ ಇರುವ ಸಂಘ ನಿಮ್ಮಲ್ಲಿ ಇದೆಯೇ ಎಂದು ಮೊದಲು ನೋಡಿ.

ಇಲ್ಲವಾದರೆ, ಏಜೆಂಟರು ತಂದ ಕರಾರಿಗೆ ಸಹಿ ಹಾಕುವ ಮೊದಲು ಅದನ್ನು ಕನ್ನಡದಲ್ಲಿ ಕೇಳಿ ಪಡೆದು, ವಕೀಲರಿಗೆ ತೋರಿಸಿ. ಅವಧಿ 25ರಿಂದ 30 ವರ್ಷ ಇರುತ್ತದೆ, ನಿಮ್ಮ ಮಗನ ವಯಸ್ಸು ನೆನಪಿಟ್ಟುಕೊಂಡು ಓದಿ. ಉತಾರದಲ್ಲಿ (ಪಹಣಿ) ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ವಾಟ್ನಿ (ಆಸ್ತಿ ಪಾಲು) ಮುಗಿಸದೆ ಮುಂದೆ ಹೋಗಬೇಡಿ. ಸೊಸೈಟಿಯ ಬೆಳೆಸಾಲದ ಬೋಜಾ ಇದ್ದರೆ ಅದನ್ನು ತೀರಿಸುವುದು ಯಾರ ಹೊಣೆ, ಲೀಸಿನ ನಂತರ ಆ ಎರಡು ಎಕರೆಯ ಮೇಲೆ ಬೆಳೆಸಾಲ ಸಿಗುತ್ತದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಜನರಲ್ ಪವರ್ ಆಫ್ ಅಟಾರ್ನಿ ಬರೆದುಕೊಡಬೇಡಿ. ಲೀಸು ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಲಿ. ವರ್ಷಕ್ಕೆ ಬಾಡಿಗೆ ಎಷ್ಟು ಪ್ರತಿಶತ ಏರುತ್ತದೆ, ಎಷ್ಟು ತಿಂಗಳು ತಪ್ಪಿದರೆ ಕರಾರು ರದ್ದಾಗುತ್ತದೆ, ಕಂಪನಿ ಬೇರೆಯವರಿಗೆ ಮಾರಿದರೆ ನಿಮ್ಮ ಒಪ್ಪಿಗೆ ಬೇಕೋ ಬೇಡವೋ, ಕೃಷಿಯೇತರ ಪರಿವರ್ತನೆಯ ಖರ್ಚು ಯಾರದು, ಫಲಕ ತೊಳೆಯಲು ನಿಮ್ಮ ಬೋರ್‌ವೆಲ್ ನೀರು ಎತ್ತುತ್ತಾರೆಯೇ, ಮಳೆನೀರು ಪಕ್ಕದ ಎರಿ ಹೊಲಕ್ಕೆ ಕೊರೆಯದಂತೆ ಕಾಲುವೆ ತೆಗೆಯುತ್ತಾರೆಯೇ ಎಂಬುದೆಲ್ಲ ಬರಹದಲ್ಲಿ ಇರಲಿ. ಹೆಚ್ಚಿನ ಕರಾರುಗಳಲ್ಲಿ ಮಸುಕಾಗಿ ಬಿಡುವ ಒಂದು ಅಂಶವನ್ನು ಪಟ್ಟುಹಿಡಿದು ಹಾಕಿಸಿ: ಅವಧಿ ಮುಗಿದಾಗ ಫಲಕ, ಕಬ್ಬಿಣ, ಕಾಂಕ್ರೀಟ್ ಎಲ್ಲವನ್ನೂ ಕಂಪನಿಯೇ ಕಿತ್ತು ಒಯ್ದು ನೆಲವನ್ನು ಉಳುವ ಸ್ಥಿತಿಗೆ ತರಬೇಕು, ಅದಕ್ಕೆಂದು ಮೊದಲ ವರ್ಷದಿಂದಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಈ ಷರತ್ತಿಗೆ ಒಪ್ಪದ ಕಂಪನಿಗೆ ಎರಡು ಎಕರೆಯಲ್ಲ, ಎರಡು ಗುಂಟೆಯನ್ನೂ ಕೊಡಬೇಡಿ.